ಭಾರದ ಕಲ್ಲು, ಹಗುರ ಕಲ್ಲು

ಒಗೆದ ಬಟ್ಟೆ ಗಣಿ ಧೂಳಿಗೆ ಕೆಂಪಾಗದೆ ಬಿಳಿಯಾಗೇ ಒಣಗುವುದು ಆಗ ನಮ್ಮ ಯಶವಂತನಗರಕ್ಕೆ ಹೊಸ ಸಂಗತಿ. ಗಣಿ ಮುಚ್ಚಿದ ವರ್ಷ ಅದು, ನಾನು ನಾಲ್ಕನೇ ಕ್ಲಾಸು. ಮುಚ್ಚಿದ್ದು ಒಳ್ಳೆಯದಾಯಿತು ಅಂತ ಟೀಚರ್ ಹೇಳಿದರು. ಅವ್ವನನ್ನು ಕೇಳಿದರೆ ಡಬ್ಬಿಯಲ್ಲಿ ಉಳಿದ ಜೋಳ ಅಳೆಯತೊಡಗಿದಳು.

ಮನೆಯಲ್ಲಿ ನಾವಿಬ್ಬರೇ. ಅವ್ವ ಗಣಿಯಲ್ಲಿ ಅದಿರು ಆರಿಸಿದವಳು. ಕಲ್ಲನ್ನು ಕೈಯಲ್ಲೇ ತೂಗಿ, ಭಾರದ್ದು ಅದಿರು, ಹಗುರದ್ದು ಬರೀ ಕಲ್ಲು ಅಂತ ಬೇರೆ ಮಾಡುತ್ತಿದ್ದಳು. ಗಣಿ ನಿಂತ ಮೇಲೆ ಅದೇ ಗುಡ್ಡದಲ್ಲಿ ಸಸಿ ನೆಡುವ, ಕೆಂಪು ನೀರು ಕೆಳಗೆ ಹರಿಯದಂತೆ ಕೊರಕಲಿಗೆ ಕಲ್ಲಿನ ಒಡ್ಡು ಕಟ್ಟುವ ಕೆಲಸ ಸಿಕ್ಕಿತು. ಗುಡ್ಡದ ಬುಡದಲ್ಲಿ ನಮ್ಮ ಮಾಮನ, ಅಂದರೆ ಅವ್ವನ ಅಣ್ಣನ, ಮೆಕ್ಕೆಜೋಳದ ಹೊಲ. ಪ್ರತಿ ಮಳೆಗೂ ಅದು ಕೆಂಪು ರಾಡಿಯಲ್ಲಿ ಮುಚ್ಚುತ್ತಿತ್ತು. ಗಣಿಯವರ ಮೇಲಿನ ಸಿಟ್ಟನ್ನು ಅವ್ವನ ಮೇಲೆ ತೀರಿಸಿ, ಮಾಮ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದ.

"ನೀರು ತಿಳಿ ಆಗ್ಲಿ, ಅಣ್ಣ ಬಂದೇ ಬರ್ತಾನ," ಅನ್ನುತ್ತಿದ್ದಳು ಅವ್ವ.

ಭಾನುವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಾನೂ ಹೋಗುತ್ತಿದ್ದೆ. ಒದ್ದೆ ಮಣ್ಣಿಗೆ ತುಕ್ಕು ಹಿಡಿದ ಬಕೆಟ್ಟಿನ ವಾಸನೆ. ಅವ್ವನಂತೆ ಅದಿರು ಆರಿಸಿದ್ದ ಹೆಂಗಸರೇ ಎಲ್ಲ, ಹರಟುತ್ತಲೇ ಒಡ್ಡು ಕಟ್ಟುತ್ತಿದ್ದರು. ಭಾರದ ಕಲ್ಲು ಸಿಕ್ಕರೆ ಅವರ ಕೈ ತಾನಾಗೇ ಅದನ್ನು ಪಕ್ಕಕ್ಕಿಡುತ್ತಿತ್ತು. ಜಾಣೆ ಅನ್ನಿಸಿಕೊಳ್ಳಲು ನಾನೂ ಹಾಗೇ ಮಾಡಿದೆ. ಸಂಜೆ ಮೇಸ್ತ್ರಿ ಬಂದು ಆ ಕಲ್ಲಿನ ಗುಡ್ಡೆ ನೋಡಿ ತಲೆ ಮೇಲೆ ಕೈ ಹೊತ್ತ.

"ಇದನ್ಯಾಕ ತೆಗೆದಿಟ್ರಿ ಅಕ್ಕಾ? ಒಡ್ಡಿಗೆ ಭಾರ ಕಲ್ಲೇ ಬೇಕು. ಇನ್ನ ಅದಿರು ಒಯ್ಯಾಕ ಯಾವ ಲಾರಿನೂ ಬರಂಗಿಲ್ಲ."

"ನಾಳೆ ಸರಿ ಮಾಡ್ತೀವ್ರಿ," ಅಂದಳು ಅವ್ವ. ಬೆಳಗಾಗುವ ಮೊದಲೇ ಮಳೆ ಹೊಡೆದು, ಹಗುರ ಕಲ್ಲಿನ ಒಡ್ಡು ಮಾಮನ ಹೊಲಕ್ಕೆ ಕೊಚ್ಚಿಕೊಂಡು ಹೋಯಿತು.

ಮಾಮ ಗುಡ್ಡ ಹತ್ತಿ ಬಂದ. ನಾನು ಹೆದರಿ ಅವ್ವನ ಸೆರಗು ಹಿಡಿದೆ.

"ತಪ್ಪು ನಂದೇ ಅಣ್ಣ. ಕೈಗೆ ಅದೇ ರೂಢಿ ಆಗೇತಿ."

ಅವನು ಪಕ್ಕಕ್ಕಿಟ್ಟ ಗುಡ್ಡೆ ನೋಡಿದ, ಅವಳ ಕೈ ನೋಡಿದ. "ಅತ್ಲಾಗ ಸರಿ," ಅಂದು ಎಲ್ಲಕ್ಕಿಂತ ದೊಡ್ಡ ಕಲ್ಲು ಎತ್ತಿ ಒಡ್ಡಿನ ಜಾಗಕ್ಕಿಟ್ಟ.

ಆ ಮಳೆಗಾಲದ ಕೊನೆಗೆ ನೀರು ತಿಳಿಯಾಗಿ ಇಳಿಯಿತು. ಮಾಮ ಚೀಲದ ತುಂಬ ತೆನೆ ತಂದ. ಅಂಗಳದಲ್ಲೇ ಸುಟ್ಟು, ಉಪ್ಪು ಖಾರ ಸವರಿ ತಿಂದೆವು. ಅಷ್ಟು ಖುಷಿ ನಾನು ಮತ್ತೆ ಪಟ್ಟಿಲ್ಲ. ಮುಂದಿನ ವಾರವೇ ಮೇಸ್ತ್ರಿ, ಒಡ್ಡು ನಿಂತವು, ಸಸಿ ಹಿಡಿದವು, ಇನ್ನು ಕೆಲಸವಿಲ್ಲ ಅಂದ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಕೆಲಸ ಯಾಕೆ ಹೋಗಬೇಕು ಅಂತ ಕೇಳಿದೆ. ಅವ್ವ ಪಾತ್ರೆ ಕಟ್ಟತೊಡಗಿದಳು. ಕೂಲಿ ಹುಡುಕಿ ಹೊಸಪೇಟೆಗೆ ಹೊರಟೆವು. ನಮ್ಮ ಪಾತ್ರೆ ಪಗಡೆ ಟ್ರ್ಯಾಕ್ಟರಿಗೆ ಏರಿಸಿದವನು ಮಾಮನೇ.

"ಹಿಂಗಾಗ್ತೈತಂತ ಗೊತ್ತಿದ್ರ ನೀರು ಕೆಂಪಗೇ ಇರ್ಲಿ ಅಂತಿದ್ದೆ, ತಂಗಿ," ಅಂದ.

ಈಗ ಆ ಗುಡ್ಡ ಹಸಿರಾಗಿದೆ. ಸಂಡೂರಿನ ಬಸ್ಸಿನಲ್ಲಿ ಪಕ್ಕದವರು "ಭಾಳ ಚಂದ ಐತಲ್ರಿ" ಅಂದರೆ ಹೌದನ್ನುತ್ತೇನೆ. ಆ ಮರಗಳಲ್ಲಿ ಅವ್ವ ನೆಟ್ಟದ್ದು ಯಾವುದೋ ಗುರುತು ಸಿಗುವುದಿಲ್ಲ. ಖುಷಿಪಡಬೇಕೋ ಅಳಬೇಕೋ ಇವತ್ತಿಗೂ ತಿಳಿದಿಲ್ಲ. ಸಿಟ್ಟಿನಲ್ಲಿದ್ದಾಗ ಮಾಮ ನಮಗೆ ಕೂಗಳತೆಯಲ್ಲಿದ್ದ. ರಾಜಿಯಾದ ಮೇಲೆ ಅವನು ಹೊಸಪೇಟೆಗೆ ಬಂದದ್ದು ಎರಡೇ ಸಲ. ಎರಡನೆಯ ಸಲ ಬಂದದ್ದು ಅವ್ವನ ಮಣ್ಣಿಗೆ.