ಊಟವಲ್ಲ, ಪ್ರಸಾದ

ನನ್ನ ಗಂಡ ರಾಜಶೇಖರ ಸುಳ್ಳು ಹೇಳುವ ಮನುಷ್ಯರಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಸೀರೆ ಅಂಗಡಿ ನಡೆಸುತ್ತಾರೆ. ‘ಇದು ಬಣ್ಣ ಬಿಡ್ತೈತ್ರಿ, ಬ್ಯಾರೆ ನೋಡ್ರಿ’ ಎಂದು ತಾವೇ ಹೇಳಿ ಗಿರಾಕಿಯನ್ನು ಪಕ್ಕದ ಅಂಗಡಿಗೆ ದಾಟಿಸುವ ಪುಣ್ಯಾತ್ಮರು. ಇಂಥವರು ಬರೆದಿಟ್ಟದ್ದರಲ್ಲಿ ತಪ್ಪಿದೆ ಎಂದು ಯಾರಾದರೂ ಅಂದಿದ್ದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ತಪ್ಪಿತ್ತು, ಅದರಲ್ಲಿ ನನ್ನ ಪಾಲೂ ಇತ್ತು.

ಹೋದ ವರ್ಷ ಯುಗಾದಿಯ ಹೊತ್ತಿಗೆ ಹುಬ್ಬಳ್ಳಿಯ ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ ಇವರ ರಕ್ತ ಪರೀಕ್ಷೆ ಮಾಡಿಸಿದೆವು. ಮೂರು ತಿಂಗಳ ಸಕ್ಕರೆಯ ಸರಾಸರಿ ಆರು ಪಾಯಿಂಟ್ ಒಂದು ಬಂತು.

“ಹೊಸ್ತಿಲ ಮ್ಯಾಲ ನಿಂತೀರಿ,” ಅಂದರು ಡಾಕ್ಟರು. “ಆರೂವರಿ ಆತಂದ್ರ ಒಳಗ ಬಂದಂಗ. ಈಗಾದ್ರ ಹೊಳ್ಳಿ ಹೋಗಾಕ ಬರ್ತೈತಿ.”

ಇವರ ಮುಖ ಬಿಳಿಚಿಕೊಂಡಿತು. ಇವರ ಅಣ್ಣ ಮುರುಗೆಪ್ಪನವರ ಎಡಪಾದವನ್ನು ಸಕ್ಕರೆ ಕಾಯಿಲೆಯಿಂದಾಗಿ ಐದು ವರ್ಷದ ಹಿಂದೆ ತೆಗೆದಿದ್ದರು. ಆಗ ಅಣ್ಣನಿಗೆ ಐವತ್ತನಾಲ್ಕು. ಈಗ ಇವರಿಗೂ ಅಷ್ಟೇ. ಧಾರವಾಡದ ಮನೆಗೆ ವಾಪಸು ಬರುವಾಗ ಚಿಗರಿ ಬಸ್ಸಿನಲ್ಲಿ ನವಲೂರು ದಾಟುವವರೆಗೂ ಇವರು ಆ ರಿಪೋರ್ಟನ್ನೇ ಮಡಚುತ್ತ, ಬಿಚ್ಚುತ್ತ ಕೂತಿದ್ದರು.

ಆಸ್ಪತ್ರೆಯವರು ಇವರ ಹೆಸರಿನಲ್ಲಿ ಆನ್‌ಲೈನ್ ಆರೋಗ್ಯ ದಾಖಲೆಯೊಂದನ್ನು ತೆರೆದುಕೊಟ್ಟಿದ್ದರು. ಉಂಡದ್ದು, ನಡೆದದ್ದು, ತೂಕ, ಮುಂಜಾನೆ ಬೆರಳು ಚುಚ್ಚಿ ನೋಡಿದ ಸಕ್ಕರೆ, ಎಲ್ಲವನ್ನೂ ನಾವು ಫೋನಿನಲ್ಲಿ ತುಂಬಬೇಕು. ಆಸ್ಪತ್ರೆಯ ಆಹಾರ ಸಲಹೆಗಾರ್ತಿ ಅಬೀದಾ ಅದನ್ನು ಅಲ್ಲಿಂದಲೇ ನೋಡುತ್ತಾಳೆ. ಇವರು ಫೋನನ್ನು ತೋಳಿನಷ್ಟು ದೂರ ಹಿಡಿದು, ಒಂದೇ ಬೆರಳಿನಲ್ಲಿ, ‘ಜೋಳದ ರೊಟ್ಟಿ ಎರಡು, ಪುಂಡಿಪಲ್ಯ, ಮಜ್ಜಿಗೆ ಒಂದು ಲೋಟ’ ಎಂದು ಬರೆಯುವುದನ್ನು ನೋಡಬೇಕಿತ್ತು. ಒಮ್ಮೆ ‘ಹಸಿಮೆಣಸಿನಕಾಯಿ ಒಂದೂವರೆ’ ಎಂದೂ ಬರೆದಿದ್ದರು. ಅಂಗಡಿಯಲ್ಲಿ ಸಿಹಿ ಚಹಾ ಬಿಟ್ಟರು. ಬೆಳಗಾದರೆ ಕೆಲಗೇರಿ ಕೆರೆಯ ದಂಡೆಯ ಮೇಲೆ ಮುಕ್ಕಾಲು ತಾಸು ನಡಿಗೆ. ಆ ಹಟ ಕಂಡು ನನಗೆ ಹೆಮ್ಮೆಯಾಗಿತ್ತು, ಹೇಳಿರಲಿಲ್ಲ ಅಷ್ಟೇ.

ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆವು. ಆರು ಪಾಯಿಂಟ್ ಮೂರು. ಇಳಿಯುವುದು ಬಿಟ್ಟು ಏರಿತ್ತು.

“ಇಷ್ಟೆಲ್ಲಾ ಮಾಡಿದ್ರೂ ಏರ್ತಂದ್ರ ನಮ್ಮ ರಕ್ತದಾಗ ಬರದೈತಿ, ಶಾಂಭವಿ. ಅಣ್ಣಂದು ಆತು, ಇನ್ನ ನಂದು,” ಎಂದು ಇವರು ಫೋನನ್ನು ದಿಂಬಿನ ಕೆಳಗೆ ತುರುಕಿದರು. “ಇನ್ನ ಮ್ಯಾಲ ನಾ ಏನೂ ಬರಿಯಂಗಿಲ್ಲ.”

ನನಗೆ ಸಿಟ್ಟು ಬಂತು. ಇವರ ಮೇಲಲ್ಲ, ಆ ದಾಖಲೆಯ ಮೇಲೆ. ಮರುದಿನವೇ ಇವರನ್ನು ಕರೆದುಕೊಂಡು ಅಬೀದಾಳ ಮುಂದೆ ಹೋಗಿ ಕೂತೆ.

“ಇವ್ರು ಒಂದಗಳೂ ಮುಚ್ಚಿಟ್ಟಿಲ್ಲವ್ವಾ. ನಿಮ್ಮ ಲೆಕ್ಕನ ಸರಿ ಇಲ್ಲ,” ಅಂದೆ.

ಆ ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಹದಿಮೂರು ವಾರದ ದಾಖಲೆ ಒಂದರ ಕೆಳಗೊಂದು ಇತ್ತು. ಪ್ರತಿ ಸೋಮವಾರ ಮಧ್ಯಾಹ್ನ ಖಾಲಿ. ಮಂಗಳವಾರ, ಬುಧವಾರ ಮುಂಜಾನೆಯ ನಾಷ್ಟಾದ ಜಾಗವೂ ಖಾಲಿ. ಹಾಗೆ ಖಾಲಿ ಬಿಟ್ಟ ದಿನಗಳ ಮರುದಿನ ಮುಂಜಾನೆಯೇ ಸಕ್ಕರೆ ಮೇಲೆದ್ದಿತ್ತು.

“ಕಾಕಾರ, ಸೋಮವಾರ ಉಪವಾಸ ಮಾಡ್ತೀರೇನ್ರಿ?”

“ಇಲ್ಲವ್ವಾ. ಸೋಮವಾರ ಅಂಗಡಿಗೆ ಸೂಟಿ. ಮಠದಾಗ ಬಡಿಸಾಕ ಹೋಗ್ತೇನಿ.”

“ಅವತ್ತ ಊಟ ಅಲ್ಲೇ ಏನ್ರಿ?”

“ಊಟ ಅಲ್ಲವ್ವಾ, ಪ್ರಸಾದ,” ಅಂದರು ಇವರು, ತಿದ್ದುವವರ ಹಾಗೆ.

ಅಬೀದಾ ಪರದೆಯ ಮೇಲಿನ ಖಾಲಿ ಜಾಗಕ್ಕೆ ಬೆರಳಿಟ್ಟಳು. ನನಗೆ ಆ ಕ್ಷಣಕ್ಕೆ ಹೊಳೆದು ತಲೆ ತಗ್ಗಿತು. ಮಠದಲ್ಲಿ ಕೂತು ಉಂಡದ್ದನ್ನು ನಾವು ಊಟ ಎನ್ನುವುದಿಲ್ಲ, ಪ್ರಸಾದ ಎನ್ನುತ್ತೇವೆ. ದಾಖಲೆಯಲ್ಲಿ ‘ಊಟ’ ಎಂದು ಕೇಳಿತ್ತು, ಇವರು ಪ್ರಾಮಾಣಿಕವಾಗಿ ಬಿಟ್ಟಿದ್ದರು. ಅಲ್ಲಿ ಬಡಿಸುವುದು ಗೋಧಿಹುಗ್ಗಿ, ಕೈತುಂಬ ಬೆಲ್ಲ, ಮೇಲೆ ತುಪ್ಪ. ಬಡಿಸಿದವರು ಕೊನೆಗೆ ಕೂರುತ್ತಾರೆ, ಪ್ರಸಾದ ಕೆಡಿಸಬಾರದೆಂದು ತಳದಲ್ಲಿ ಉಳಿದದ್ದೆಲ್ಲ ಅವರ ತಾಟಿಗೇ. ಅಷ್ಟಾಗಿಯೂ ಮಿಕ್ಕದ್ದು ಡಬ್ಬಿ ತುಂಬಿ ನಮ್ಮ ಮನೆಗೆ ಬರುತ್ತಿತ್ತು, ಅದೂ ಪ್ರಸಾದವೇ. ಎರಡು ದಿನ ಮುಂಜಾನೆ ಅದನ್ನು ಬಿಸಿ ಮಾಡಿ, ಹಾಲು ಹಾಕಿ ಇವರ ಮುಂದಿಡುತ್ತಿದ್ದವಳು ನಾನೇ. ಮಿಕ್ಕ ದಿನ ಚಹಾಕ್ಕೆ ಚಮಚ ಸಕ್ಕರೆ ಕೊಡದೆ ಕಾವಲು ಕಾಯುತ್ತಿದ್ದವಳೂ ನಾನೇ.

“ನಮ್ಮಪ್ಪನೂ ಹಿಂಗ ಇದ್ರು ನೋಡ್ರಿ. ದರ್ಗಾದ ಉರುಸಿನ ಸಿಹಿ ಮಲೀದಾ ಎಷ್ಟ ತಿಂದ್ರೂ ತಿಂದೇನಿ ಅಂತ ಹೇಳ್ತಿರಲಿಲ್ಲ,” ಎಂದು ಅಬೀದಾ ನಕ್ಕಳು. “ನಾ ಬಿಡ್ರಿ ಅನ್ನಂಗಿಲ್ಲ ಕಾಕಾರ. ಎಷ್ಟ ಅಂತ ಬರೀರಿ, ಸಾಕು.”

ಅವಳಿಗೇನೋ ಅದು ಸುಲಭ. ಇವರಿಗೆ ಅಲ್ಲಿಂದ ಹೊಸ ಸಂಕಟ ಶುರುವಾಯಿತು. ಬರೆಯಲು ಹೋದರೆ ಬೆಚ್ಚಿಬೀಳುವಷ್ಟು ಹುಗ್ಗಿ. ಬೇಡ ಎನ್ನಲು ಬಾಯಿ ಬರದು. ಇಪ್ಪತ್ತೆರಡು ವರ್ಷದ ಸೇವೆಯನ್ನು ಬಿಟ್ಟುಬಿಡುವುದೇ ಸರಿ ಎಂದು ಮೂರು ದಿನ ಮಂಕಾಗಿದ್ದರು. ನಾಲ್ಕನೆಯ ದಿನ ನಾನೇ ಇವರನ್ನು ಮಠದ ಅಡುಗೆಮನೆಗೆ ಎಳೆದುಕೊಂಡು ಹೋದೆ. ಅಲ್ಲಿ ದಾಸೋಹದ ಉಸ್ತುವಾರಿ ಎಪ್ಪತ್ತೆಂಟರ ಚನ್ನಬಸವ್ವನದು. ಸೌಟು ಹಿಡಿದೇ ನಮ್ಮ ಮಾತನ್ನೆಲ್ಲ ಕೇಳಿದಳು.

“ಅಲ್ಲೋ ರಾಜೂ, ತಾಟಿಗೆ ಬಿದ್ದಿದ್ದು ಕೆಡಿಸಬಾರದು, ಖರೇ. ಬೀಳೂ ಮೊದಲ ಕೈ ಅಡ್ಡ ಹಿಡೀಬ್ಯಾಡ ಅಂತ ನಿನಗ ಯಾರ ಹೇಳ್ಯಾರ?” ಅಂದಳು. “ಒಂದು ಚಮಚ ಆದ್ರೂ ಅದು ಪ್ರಸಾದನ. ಉಳದದ್ದಕ್ಕ ಮಠದ ಬೋರ್ಡಿಂಗ್ ಹುಡುಗೂರು ಅದಾರ. ನಿನ್ನ ಹೊಟ್ಟಿ ಏನು ಮಠದ ಕಣಜ ಏನು?”

ಹಿಂದೆ ಪಾತ್ರೆ ತಿಕ್ಕುತ್ತಿದ್ದ ಹೆಂಗಸರೆಲ್ಲ ನಕ್ಕರು. ಇವರೂ ನಕ್ಕರು. ಎಷ್ಟೋ ವಾರಗಳ ನಂತರ ಕಂಡ ನಗು ಅದು.

ಮುಂದಿನ ಸೋಮವಾರ ಇವರು ತಾಟಿಗೆ ಕೈ ಅಡ್ಡ ಹಿಡಿದು ಎರಡು ಚಮಚ ಹುಗ್ಗಿ ಹಾಕಿಸಿಕೊಂಡರು. ಹಾಗೆಯೇ ಬರೆದರು. ಡಬ್ಬಿ ಮನೆಗೆ ಬರುವುದು ನಿಂತಿತು. ನನಗೆ ಡಬ್ಬಿಯ ಹುಗ್ಗಿ ನೆನಪಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆರು ತಿಂಗಳ ಫಲಿತಾಂಶ ದಾಖಲೆಗೆ ಬಂದಾಗ ಇವರು ಅಂಗಡಿಯಲ್ಲಿದ್ದರು. ಮನೆಯಲ್ಲಿ ನನ್ನ ಫೋನಿನಲ್ಲೇ ಮೊದಲು ನೋಡಿದೆ. ಐದು ಪಾಯಿಂಟ್ ಎಂಟು. ಇವರಿಗೆ ಫೋನ್ ಹಚ್ಚಿ ‘ಏನ್ರೀ, ಏನ್ರೀ’ ಎಂದಷ್ಟೇ ಕೂಗಿದೆ.

“ಏನಾತು? ಹೇಳು, ಏನಾತು?” ಎಂದು ಆ ಕಡೆ ಇವರು ಗಾಬರಿಯಾದರು.

“ಇಳದೈತ್ರಿ,” ಅಂದೆ. “ಲಗೂನ ಬರ್ರಿ. ಭಾವಾರಿಗೆ ಹೇಳಿ ಬರೂಣು.”

ಸಂಜೆ ಇಬ್ಬರೂ ಮುರುಗೆಪ್ಪನವರ ಮನೆಗೆ ಹೋದೆವು. ಅವರು ಮಂಚದ ಮೇಲೆ ಕೂತಿದ್ದರು. ಪ್ರಸಾದದ ಕಥೆಯನ್ನೆಲ್ಲ ಕೇಳಿ ಪಾದವಿಲ್ಲದ ಎಡಗಾಲನ್ನು ಸವರಿಕೊಂಡರು.

“ನಾನೂ ಹದಿನೆಂಟು ವರ್ಷ ಅಲ್ಲೇ ಬಡಿಸೇನಿ,” ಅಂದರು ಆಮೇಲೆ. “ಡಾಕ್ಟರ್ ಕೇಳಿದಾಗೆಲ್ಲಾ ಬರೇ ಮನಿ ಊಟನ ಹೇಳೇನಿ. ಖರೇನ ಹೇಳಾಕತ್ತೇನಿ ಅಂತ ತಿಳಕೊಂಡಿದ್ದೆ.”

ಹಾಗೆ ಹೇಳುತ್ತಲೇ ಬಗ್ಗಿ ತಮ್ಮನ ಪಾದವನ್ನು ಕೈಯಲ್ಲಿ ಹಿಡಿದರು. ಅಣ್ಣ ತಮ್ಮನ ಪಾದ ಮುಟ್ಟುವುದುಂಟೇ? ಇವರು ಕಾಲು ಹಿಂದೆಳೆದುಕೊಳ್ಳಲು ನೋಡಿದರು, ಅವರು ಬಿಡಲಿಲ್ಲ.

“ಇದಾದ್ರೂ ಉಳೀತಲ್ಲೋ ತಮ್ಮಾ,” ಅಂದರು.

ಇವರು ಅಣ್ಣನ ಹೆಗಲಿಗೆ ಮುಖ ಇಟ್ಟು ಅತ್ತರು. ನಾನೂ ತಡೆದುಕೊಳ್ಳಲಿಲ್ಲ. ಆರು ತಿಂಗಳಿಂದ ಹೊತ್ತುಕೊಂಡಿದ್ದ ಭಾರ ಇಳಿದಿತ್ತು, ಅಳುವುದೂ ಹಿತವಾಗಿತ್ತು.