ತೆಗ್ವೆನ್ ಬಾಗಿದ ಬಾಗಿಲು

ಶನಿವಾರ ಸಂಜೆಯಾದರೆ ಪ್ರೊಬರ್ಟ್ ಮನೆಯಲ್ಲಿ ಸೋಫಾವನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆಯುತ್ತಿದ್ದರು. ಟಿವಿಯ ‘ದಿಕ್ಕುತಪ್ಪಿದ ನೌಕೆ’ ಧಾರಾವಾಹಿಯಲ್ಲಿ ಯಾವ ಗ್ರಹದಿಂದ ಯಾವ ಮೃಗ ಇಳಿಯುತ್ತದೋ ಯಾರಿಗೆ ಗೊತ್ತು? ಹೆದರಿದ ಮಕ್ಕಳಿಗೆ ಬಚ್ಚಿಟ್ಟುಕೊಳ್ಳಲು ಜಾಗ ಬೇಕಲ್ಲ. ಆ ಮನೆಯ ಕಿರಿಮಗಳು ತೆಗ್ವೆನ್ ಕೂಡ ಚಿಕ್ಕಂದಿನಲ್ಲಿ ಅದೇ ಸಂದಿಯಲ್ಲಿ ಕೂತು, ಅರ್ಧ ಧಾರಾವಾಹಿಯನ್ನು ಬೆರಳುಗಳ ನಡುವಿನಿಂದ ನೋಡಿದವಳು. ಈಗ ಅಲ್ಲಿ ಅವಳ ಅಕ್ಕನ ಮಕ್ಕಳಾದ ಬೆಕಾ ಮತ್ತು ಮಾಕ್ಸೆನ್ ಕೂರುತ್ತಿದ್ದರು.

ಆ ಶನಿವಾರವೂ ಅವಳು ಬಿಸಿ ಚಿಪ್ಸ್ ಪೊಟ್ಟಣ ಹಿಡಿದು ಬಾಗಿಲಿಗೆ ಬಂದಳು.

“ತಲೆ!” ಅಪ್ಪ ಇದ್ವಾಲ್ ಕುರ್ಚಿಯಿಂದಲೇ ಕೂಗಿದ, ತಿರುಗಿ ಸಹ ನೋಡದೆ.

ತೆಗ್ವೆನ್ ಎಡಗಡೆಗೆ ತುಸು ವಾಲಿ, ಕತ್ತು ಒಳಗೆಳೆದುಕೊಂಡು, ಬಾಗಿ ಒಳಗೆ ಬಂದಳು. ಹನ್ನೆರಡರ ವಯಸ್ಸಿಗೇ ಆ ಮನೆಯ ಬಾಗಿಲನ್ನು ಮೀರಿ ಬೆಳೆದ ಹುಡುಗಿ. ಒಂದು ದಿನ ಹಣೆ ಬಡಿದು ರಕ್ತ ಬಂದ ಮೇಲೆ ಅಪ್ಪ ಶುರು ಮಾಡಿದ ಕೂಗು ಇದು. ಅವನು ಗಣಿಯಿಂದ ತಂದ ಮಾತು. ನೆಲದಡಿಯ ಕತ್ತಲಲ್ಲಿ ಸೂರು ತಗ್ಗಾದ ಕಡೆ ಮುಂದಿನವನು ಹಿಂದಿನವನಿಗೆ ‘ತಲೆ!’ ಎಂದು ಕೂಗಲೇಬೇಕು. ಕೂಗದವನ ಜೊತೆ ಯಾರೂ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕೂಗು ಮಾತ್ರ ಮುಚ್ಚಿರಲಿಲ್ಲ.

ಊರಿನವರ ಬಾಯಿ ಕೇಳಬೇಕೆ? ಅವಳನ್ನು ಏಣಿ ಅಂದರು, ದೀಪದ ಕಂಬ ಅಂದರು, ಉದ್ದ ಇರೋರಿಗೆ ಬುದ್ಧಿ ಮೊಣಕಾಲಲ್ಲಿ ಅಂದರು. ಎಲ್ಲವನ್ನೂ ನುಂಗಿಕೊಂಡು ಅವಳು ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಹಿಡಿದಳು. ಕೈಯಲ್ಲಿ ಕೋಲು ಹಿಡಿದು ಅವಳು ರಸ್ತೆಗಿಳಿದರೆ ಲಾರಿಯವನೂ ತೆಪ್ಪಗೆ ನಿಲ್ಲುತ್ತಿದ್ದ. ನನ್ನನ್ನು ಕೇಳಿದರೆ, ಅಷ್ಟು ಎತ್ತರ ಅಂಥ ಕೆಲಸಕ್ಕೇ ಇರುವುದು.

ಹಾಗೆ ದಾಟುವ ಮಗುವೊಂದರ ತಾಯಿ ಕಾರ್ಡಿಫ್‌ನ ಸ್ಟುಡಿಯೋದಲ್ಲಿ ವೇಷ ಹೊಲಿಯುವವಳು. ‘ನೌಕೆ’ಗಾಗಿ ಒಂದು ಎತ್ತರದ ಮೃಗದ ವೇಷ ಸಿದ್ಧವಾಗಿತ್ತು, ಅದನ್ನು ತೊಡಬೇಕಿದ್ದವನು ಕಾಲು ಮುರಿದುಕೊಂಡಿದ್ದ. “ನಿಮ್ಮಷ್ಟು ಎತ್ತರದೋರು ನನಗೆ ಇನ್ನೆಲ್ಲಿ ಸಿಗ್ತಾರೆ ಹೇಳಿ?” ಎಂದು ಆಕೆ ನಡುರಸ್ತೆಯಲ್ಲೇ ಕೇಳಿದ್ದಳು. ಹುಟ್ಟಿದಾಗಿನಿಂದ ತನ್ನ ಎತ್ತರವನ್ನು ಯಾರಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ಅವಳು ಒಪ್ಪಿಕೊಂಡಿದ್ದಳು.

ಪ್ರಸಾರವಾಗುವವರೆಗೆ ಮನೆಯವರಿಗೂ ಹೇಳಬಾರದು ಎಂಬುದು ಸ್ಟುಡಿಯೋದ ಕಟ್ಟಪ್ಪಣೆ. ತೆಗ್ವೆನ್ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಇವತ್ತು ಪ್ರಸಾರ.

ಅವಳಿಗಿದ್ದ ಭಯ ಬೇರೆ ಯಾರದ್ದೂ ಅಲ್ಲ, ಅಪ್ಪನದು. ಪ್ರತಿ ವಾರ ಧಾರಾವಾಹಿ ಮುಗಿದ ಮೇಲೆ ಇದ್ವಾಲ್ ತೀರ್ಪು ಕೊಡುತ್ತಿದ್ದ. ಎಂಥ ಮೃಗವೇ ಬರಲಿ, ಎಷ್ಟೇ ತಲೆಗಳಿರಲಿ, ತೀರ್ಪು ಒಂದೇ: “ಕಂಬಳಿ ಹೊದ್ದಿರೋ ಗಂಡಸು, ಅಷ್ಟೇ.” ಅವನು ಒಮ್ಮೆಯೂ ಬೆಚ್ಚಿದ್ದನ್ನು ಕಂಡವರಿಲ್ಲ. ಇವತ್ತು ಅದೇ ಮಾತು ತನ್ನ ಮೇಲೆ ಬಿದ್ದರೆ? ‘ಅದು ನಾನೇ ಅಪ್ಪ’ ಎಂದು ಆಮೇಲೆ ಯಾವ ಮುಖದಲ್ಲಿ ಹೇಳುವುದು?

ಸಾಲದ್ದಕ್ಕೆ ಅವಳು ಕೆಲಸದಲ್ಲಿ ಎಡವಟ್ಟು ಬೇರೆ ಮಾಡಿದ್ದಳು. ಮೃಗ ನೆಟ್ಟಗೆ ನಡೆದು ಬರಲೆಂದೇ ಸ್ಟುಡಿಯೋದವರು ಎತ್ತರದ ಬಾಗಿಲು ಕಟ್ಟಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಇವಳು ಬಾಗಿಲು ಕಂಡದ್ದೇ ಬಾಗಿಬಿಟ್ಟಳು. “ಬಗ್ಗಬೇಡಿ ಮೇಡಂ, ಮೇಲೆ ಆಕಾಶದಷ್ಟು ಜಾಗ ಇದೆ” ಎಂದು ನಿರ್ದೇಶಕ ಹೇಳಿದ ಮೇಲೂ ಬಾಗಿದಳು. ಕೊನೆಗೆ ಹೇಗೋ ಒಂದು ಸಲ ನೆಟ್ಟಗೆ ನಡೆದಳು. ಅದನ್ನೇ ಇಟ್ಟುಕೊಂಡಿರುತ್ತಾರೆ, ಅಥವಾ ಬೇಸತ್ತು ಇಡೀ ದೃಶ್ಯವನ್ನೇ ಕಿತ್ತು ಹಾಕಿರುತ್ತಾರೆ ಎಂದುಕೊಂಡಿದ್ದಳು.

ಧಾರಾವಾಹಿಯ ಸಂಗೀತ ಶುರುವಾಯಿತು. ಅಮ್ಮ ಓಲ್ವೆನ್ ಒಣದ್ರಾಕ್ಷಿ ಬಿಲ್ಲೆಗಳ ತಟ್ಟೆ ಇಟ್ಟು ಕೂತಳು. ಇನ್ನು ಯಾರೂ ಉಸಿರೆತ್ತುವಂತಿಲ್ಲ. ಮಾತಾಡಿದವರು ಪಾತ್ರೆ ತೊಳೆಯಬೇಕು; ಇದು ಇದ್ವಾಲ್ ಮಾಡಿದ ಕಾನೂನು, ಅವನು ಒಮ್ಮೆಯೂ ಮುರಿಯದ ಕಾನೂನು.

ನೌಕೆ ಒಂದು ಹಾಳು ಗ್ರಹದಲ್ಲಿ ಇಳಿಯಿತು. ದೀಪಗಳು ಒಂದೊಂದಾಗಿ ಆರಿದವು. ಬೆಕಾ ಆಗಲೇ ಸೋಫಾದ ಹಿಂದೆ. ಉದ್ದನೆಯ ಓಣಿಯ ಕೊನೆಯಲ್ಲಿ ಏನೋ ಅಲುಗಾಡಿತು. ಕಪ್ಪು ಕೂದಲು, ಮಂಡಿಯವರೆಗೆ ಇಳಿಬಿದ್ದ ಕೈಗಳು. ಮಾಕ್ಸೆನ್ ಕೂಡ ಹಿಂದಕ್ಕೆ ಹಾರಿದ. ತೆಗ್ವೆನ್ ತನ್ನನ್ನು ತಾನೇ ಗುರುತಿಸಲಾರದೆ ಕೂತಳು. ಎಷ್ಟು ಎತ್ತರ! ಎಷ್ಟು ಚೆಂದದ ಎತ್ತರ! ಮೃಗ ಹೆಜ್ಜೆ ಹೆಜ್ಜೆಯಾಗಿ ಬಾಗಿಲ ಹತ್ತಿರ ಬಂತು, ಎಡಗಡೆಗೆ ತುಸು ವಾಲಿತು, ಕತ್ತನ್ನು ಒಳಗೆಳೆದುಕೊಳ್ಳತೊಡಗಿತು—

“ತಲೆ!”

ಇದ್ವಾಲ್ ಕುರ್ಚಿಯಿಂದ ಅರ್ಧ ಎದ್ದಿದ್ದ. ಕೈ ಟಿವಿಯ ಕಡೆ ಚಾಚಿತ್ತು.

ಅವನು ಟಿವಿ ನೋಡಿದ, ಮಗಳನ್ನು ನೋಡಿದ, ಮತ್ತೆ ಟಿವಿ ನೋಡಿದ. ಬಾಗಿ ಬಂದ ಮೃಗ ಒಳಗೆ ಬಂದು ನಿಧಾನವಾಗಿ ನೆಟ್ಟಗಾಗುತ್ತಿತ್ತು. ಅದು ನೆಟ್ಟಗಾಗುತ್ತ ಹೋದಂತೆ ಕೋಣೆಯೇ ಚಿಕ್ಕದಾಯಿತು. ನಿರ್ದೇಶಕ ಆ ಎಡವಟ್ಟನ್ನೇ ಯಾಕೆ ಉಳಿಸಿಕೊಂಡ ಎಂದು ತೆಗ್ವೆನ್‌ಗೆ ಆಗ ತಿಳಿಯಿತು.

“ತಾತ ಮಾತಾಡಿದ್ರು! ತಾತ ಪಾತ್ರೆ ತೊಳೀಬೇಕು!” ಸೋಫಾದ ಹಿಂದಿನಿಂದ ಬೆಕಾಳ ದನಿ.

“ಹೊರಗೆ ಬಾರೇ ಪುಟ್ಟಿ, ಅದು ನಿನ್ನ ಚಿಕ್ಕಮ್ಮ ಕಣೆ” ಎಂದಳು ಓಲ್ವೆನ್, ಕಣ್ಣೊರೆಸಿಕೊಳ್ಳುತ್ತ.

“ಹಂಗಿದ್ರೆ ನಾನು ಬರೋದೇ ಇಲ್ಲ!”

ಧಾರಾವಾಹಿ ಮುಗಿಯಿತು. ಎಲ್ಲರೂ ತೀರ್ಪಿಗೆ ಕಾದರು. ಇದ್ವಾಲ್ ಬೆಂಕಿ ಕೆದಕುವ ಸರಳು ತೆಗೆದುಕೊಂಡು ಪಕ್ಕದ ಮನೆಗೆ ಅಂಟಿದ ಗೋಡೆಗೆ ಬಡಿದ.

“ಹಾಂಡೆಲ್! ಆ ಮೃಗ ನೋಡಿದ್ಯೇನೋ? ನಮ್ಮ ತೆಗ್ವೆನ್ ಕಣೋ! ನನ್ನ ಮಗಳು!”

“ಗೊತ್ತು ಬಿಡೋ ಮಾರಾಯ!” ಗೋಡೆಯಾಚೆಯಿಂದ ಹಳೆಯ ಗಣಿಗೆಳೆಯ ಕೂಗಿದ. “ನೀನು ‘ತಲೆ’ ಅಂದಿದ್ದು ಇಲ್ಲಿಗೂ ಕೇಳ್ತು. ನಾನೂ ಬಗ್ಗಿದೆ, ಚಹಾ ಎಲ್ಲ ಪ್ಯಾಂಟ್ ಮೇಲೆ!”

ಆಮೇಲೆ ಇದ್ವಾಲ್ ಅಂಗಿಯ ತೋಳು ಮಡಚಿ ಅಡುಗೆಮನೆಗೆ ಹೋದ. ಕಾನೂನು ಕಾನೂನೇ. ತೆಗ್ವೆನ್ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು.

“ಕಂಬಳಿ ಹೊದ್ದಿರೋ ಗಂಡಸು ಅಂತ ಹೇಳ್ಲಿಲ್ವಲ್ಲ ಅಪ್ಪ?”

“ಗಂಡಸಲ್ವಲ್ಲ.”

“ಹಂಗಾದ್ರೆ ಹೆದರಿದ್ಯಾ, ನಿಜ ಹೇಳು.”

ಅವನು ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಉಜ್ಜಿದ.

“ಹೆದರಿದೆ ಮಗಳೇ,” ಎಂದ. “ಎಲ್ಲಿ ನಿನ್ನ ಹಣೆ ಬಡಿಯುತ್ತೋ ಅಂತ.”