ನಲವತ್ತೊಂದು ನಾಯಿಗಳ ತಕ್ಕಡಿಯಮ್ಮ

ಬೆಳಗಿನ ಐದೂವರೆಗೆ ಬೇರೆಯವರ ಮೊಬೈಲಿಗೆ ಹೂವಿನ ಚಿತ್ರ ಬರುತ್ತದೆ, ಸೂರ್ಯೋದಯದ ಚಿತ್ರ ಬರುತ್ತದೆ. ತಕ್ಕಡಿಯಮ್ಮನ ಮೊಬೈಲಿಗೆ ಬರುವುದು ನಾಯಿಗಳ ಮಲದ ಚಿತ್ರ. ಹುಲ್ಲಿನ ಮೇಲಿನದು, ಮರಳಿನ ಮೇಲಿನದು, ಕಾಲುದಾರಿಯ ಅಂಚಿನದು. ಆಕೆ ಮೊಬೈಲನ್ನು ಮೂಗಿನ ಹತ್ತಿರಕ್ಕೆ ತಂದು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರಂತೆ ಒಂದೊಂದನ್ನೂ ನೋಡುತ್ತಾರೆ.

"ಇದು ನೋಡಿ, ಸೀಮೆಸುಣ್ಣದ ಹಾಗೆ ಬೆಳ್ಳಗೆ, ಪುಡಿಪುಡಿ. ಎಲುಬು ಜಾಸ್ತಿಯಾಗಿದೆ. ಇವತ್ತು ಇವನಿಗೆ ಕಡಿಮೆ ಮಾಡ್ಬೇಕು. ಇದು ಕಪ್ಪಗೆ, ನೀರ್ನೀರು. ಲಿವರ್ ಹೆಚ್ಚಾಗಿದೆ, ತಪ್ಪು ನಂದೇ. ಇದು ಮಾತ್ರ ನೂರಕ್ಕೆ ನೂರು!"

ಪಕ್ಕದಲ್ಲಿ ಡಬ್ಬಿಗಳ ಮುಚ್ಚಳ ಒರೆಸುತ್ತಿರುವ ನಾದಿನಿ ಮುಖ ಕಿವುಚುತ್ತಾರೆ. "ಅತ್ತಿಗೆ, ಚಹಾ ಕುಡಿದ ಮೇಲಾದ್ರೂ ನೋಡ್ಬಾರ್ದಾ?"

"ನೀನು ಕಣ್ಮುಚ್ಕೊಂಡು ಕುಡಿಯೇ. ಹೊಟ್ಟೆಯೊಳಗಿನ ಸಮಾಚಾರ ಹೇಳೋಕೆ ನಾಯಿಗೆ ಬಾಯಿದೆಯಾ? ಇದೇ ಅದು ನಮಗೆ ಬರೆಯೋ ಕಾಗದ."

ಸಾಕುನಾಯಿಗಳಿಗೆ ಹಸಿ ಮಾಂಸದ ಊಟ ಅಳೆದು ಕೊಡುವುದು ಈ ಅತ್ತಿಗೆ ನಾದಿನಿಯರ ಕಸುಬು. ಕೆಲಸದ ಕೋಣೆ ಚಿಕ್ಕದು. ಈ ಗೋಡೆಯಿಂದ ಆ ಗೋಡೆಗೆ ಒಂಬತ್ತು ಹೆಜ್ಜೆ. ಬಿಳಿ ಹೆಂಚು ಕೂರಿಸಿದ ಕಟ್ಟೆ, ಎರಡು ದೊಡ್ಡ ಫ್ರಿಜ್ಜು, ಮಾಂಸ ಕೊಚ್ಚುವ ಯಂತ್ರ, ನಡುವೆ ದೇವರಂತೆ ಕುಳಿತ ತೂಕದ ಯಂತ್ರ. ದಿನಕ್ಕೆ ನಲವತ್ತೊಂದು ನಾಯಿ, ಸುಮಾರು ಹದಿನೈದು ಕಿಲೋ ಮಾಂಸ. ನೂರು ಪಾಲಿನಲ್ಲಿ ಎಂಬತ್ತು ಪಾಲು ಮಾಂಸ ಮತ್ತು ಗುಂಡಿಗೆ, ಹತ್ತು ಪಾಲು ಹಸಿ ಎಲುಬು, ಐದು ಪಾಲು ಲಿವರ್, ಇನ್ನೈದು ಕಿಡ್ನಿಯಂಥದ್ದು. ಹಾಗೆಂದು ನಲವತ್ತೊಂದು ಡಬ್ಬಿಯೂ ಒಂದೇ ಅಲ್ಲ. ಮುದಿ ನಾಯಿಗೆ ಬೇರೆ, ಓಡಾಡುವ ನಾಯಿಗೆ ಬೇರೆ, ಕುಳಿತಲ್ಲೇ ದಪ್ಪಗಾಗುವ ನಾಯಿಗೆ ಬೇರೆ. ಹಲ್ಲು ಗಟ್ಟಿಯಿರುವವರಿಗೆ ವಾರಕ್ಕೊಮ್ಮೆ ಕೋಳಿಯ ಇಡೀ ಕತ್ತು, ಕಡಿದು ಹಲ್ಲು ಉಜ್ಜಿಕೊಳ್ಳಲಿ ಎಂದು.

"ಲಿವರ್ ರುಚಿ ಅಂತ ಹೆಚ್ಚು ಹಾಕಿದ್ರೆ ಪ್ರೀತಿ ಅಲ್ಲ, ಶಿಕ್ಷೆ," ಎನ್ನುತ್ತಾರೆ ತಕ್ಕಡಿಯಮ್ಮ. ಕೂಸು ಇರುವ ಮನೆಗೆ, ಕಾಯಿಲೆಯವರಿರುವ ಮನೆಗೆ ಆಕೆ ಡಬ್ಬಿ ಕೊಡುವುದೇ ಇಲ್ಲ. ಹಸಿ ಮಾಂಸ ಮುಟ್ಟಿದ ಕೈ ಎಲ್ಲೆಲ್ಲಿ ತಾಗುತ್ತದೋ ಎಂಬ ಭಯ. "ಅವರಿಗೆ ಡಾಕ್ಟ್ರು ಹೇಳಿದ ಬೇರೆ ಆಹಾರ ಇದೆ. ನಾಯಿಗೆ ಊಟ ಮುಖ್ಯ, ನನ್ನ ಡಬ್ಬಿಯಲ್ಲ."

ತೂಗುವ ಅಭ್ಯಾಸ ಹಳೆಯದು. ಇಪ್ಪತ್ತೆರಡು ವರ್ಷ ಆಕೆ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿದ್ದರು. ಇವರಿಗೆ ಉಪ್ಪು ಅರ್ಧ, ಅವರಿಗೆ ಎಣ್ಣೆ ಇಲ್ಲ, ಮೂರನೆಯವರಿಗೆ ಬರೀ ಗಂಜಿ. ಅಡುಗೆಯ ಕೆಲಸ ಹೊರಗಿನವರ ಪಾಲಾದಾಗ ಆಕೆ ಮನೆಗೆ ಬರಬೇಕಾಯಿತು. ಕೊನೆಯ ದಿನ ಹಿಂಬಾಗಿಲಲ್ಲಿ ಮಲಗಿರುತ್ತಿದ್ದ ಮುದಿ ನಾಯಿಯೊಂದು ತಾನೂ ನಿವೃತ್ತಿಯಾದಂತೆ ಎದ್ದು ಆಕೆಯ ಹಿಂದೆಯೇ ನಡೆದು ಬಂತು. ಅದರ ಮೈತುಂಬ ಹೊಟ್ಟು. ಪಶುವೈದ್ಯರೊಬ್ಬರು ಹಸಿ ಮಾಂಸದ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಚೀಟಿಯಂತೆ ತೂಗಿ ಹಾಕುವುದು ಆಕೆಗೆ ಹೊಸದೇ? ನಾಯಿಯ ಮೈ ಮಿನುಗತೊಡಗಿತು, ನೆರೆಯವರು ಕೇಳಿದರು, ಅವರ ನೆಂಟರು ಕೇಳಿದರು. ಹೀಗೆ ಏಳು ವರ್ಷ.

ಸುಲಭವಾಗೇನೂ ಇರಲಿಲ್ಲ. ಮಾಂಸದ ಕೆಲಸವೆಂದರೆ ಕೋಣೆ ಕೊಡುವವರು ಮೂಗು ಮುರಿದರು. ಮೇಲ್ಮಹಡಿಯಾಕೆ ವಾಸನೆ ಬರುತ್ತದೆಂದು ಮೊದಲ ತಿಂಗಳು ದಿನಾ ಜಗಳಕ್ಕೆ ಬಂದರು. ತಕ್ಕಡಿಯಮ್ಮ ಎದುರಾಡದೆ ದಿನಕ್ಕೆ ಮೂರು ಸಲ ಕುದಿನೀರು ಹಾಕಿ ಮೋರಿ ತೊಳೆದರು. ಒಂದು ಚಳಿಯ ಬೆಳಿಗ್ಗೆ ಅದೇ ಮೇಲ್ಮಹಡಿಯಾಕೆ, ಹೆಪ್ಪುಗಟ್ಟಿದ ಮಾಂಸ ಹಿಡಿದು ಮರಗಟ್ಟಿದ ಇವರ ಬೆರಳು ನೋಡಿ, ಮೇಲೆ ಹೋಗಿ ಬಿಸಿನೀರಿನ ಚೀಲ ತಂದು ಕಟ್ಟೆಯ ಮೇಲಿಟ್ಟರು. ಈಗಲೂ ಚಳಿಗಾಲ ಪೂರ್ತಿ ಇಡುತ್ತಾರೆ.

ಆದರೆ ಕಳೆದ ತಿಂಗಳು ಎಲ್ಲವೂ ನಿಂತೇ ಹೋಗುವುದರಲ್ಲಿತ್ತು.

ಎರಡು ವರ್ಷದಿಂದ ಇಲ್ಲಿಂದ ಡಬ್ಬಿ ಹೋಗುವ ಮನೆಗಳಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರ ಮನೆಯೂ ಒಂದು. ಅವರ ನಾಯಿಯ ಹೆಸರು ಸಿಡಿಲು. ಬಾಗಿಲಿಗೆ ಯಾರಾದರೂ ಬಂದರೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಳ್ಳುವುದೇ ಅದರ ಗುಡುಗು, ಮಿಂಚು ಎಲ್ಲ. ಅಂಥ ನಾಯಿ ಎರಡು ದಿನದಿಂದ ವಾಂತಿ ಮಾಡಿ, ಹೊಟ್ಟೆ ಬಿಗಿಹಿಡಿದು ನರಳಿತ್ತು. ಮೂರನೆಯ ಬೆಳಿಗ್ಗೆ ಗಡಿಯಾರದವರು ಕೋಣೆಗೆ ಬಂದು, ಬಿಡಿಭಾಗ ತುಂಬಿಡುವ ಪುಟ್ಟ ಸೀಸೆಯೊಂದನ್ನು ಕಟ್ಟೆಯ ಮೇಲಿಟ್ಟರು. ಒಳಗೆ ಸೂಜಿಯಂಥ ನಾಲ್ಕು ಎಲುಬಿನ ಚೂರು.

"ನಿಮ್ಮದೇ. ನೆನ್ನೆ ಡಾಕ್ಟ್ರು ಹೊಟ್ಟೆಯಿಂದ ತೆಗೆದ್ರು. ಒಳಗೆ ಗೀರಿದೆಯಂತೆ. ಮೂರು ದಿನ ಏನೂ ಹೇಳೋಕಾಗಲ್ಲ ಅಂದ್ರು. ಅವನೇನಾದ್ರೂ..." ಎನ್ನುತ್ತ ಅವರು ಹೊರಟುಹೋದರು.

ತಕ್ಕಡಿಯಮ್ಮ ಸೀಸೆಯನ್ನು ಕೈಗೆತ್ತಿಕೊಂಡರು. ಇಷ್ಟು ವರ್ಷ ತಪ್ಪದ ಕೈ ಎಲ್ಲಿ ತಪ್ಪಿತು? ತನ್ನ ಡಬ್ಬಿಯೇ ಒಂದು ನಾಯಿಯ ಜೀವಕ್ಕೆ ಮುಳುವಾಯಿತೇ? ಹಾಗಿದ್ದರೆ ಉಳಿದ ನಲವತ್ತರ ಗತಿಯೇನು?

"ಎಲ್ಲರಿಗೂ ಫೋನ್ ಮಾಡೇ," ಎಂದರು ನಾದಿನಿಗೆ. "ನಾನು ಹೇಳೋವರೆಗೂ ಡಬ್ಬಿ ತೆಗೀಬೇಡಿ ಅನ್ನು. ಯಾಕೆ ಅನ್ನೋದನ್ನೂ ಹೇಳು."

"ನಲವತ್ತು ಮನೆಗೂ? ಅತ್ತಿಗೆ, ನಾಳೆ ಒಬ್ರಾದ್ರೂ ವಾಪಸ್ ಬರ್ತಾರಾ?"

"ಬರದಿದ್ರೆ ಇಬ್ರೂ ಕೂತು ಟೀವಿ ನೋಡೋಣ. ಈಗ ಫೋನ್ ತಗೋ."

ನಾದಿನಿ ಮನೆಮನೆಗೂ ಅದೇ ಮಾತು ಹೇಳುತ್ತ ಗಂಟಲು ಒಣಗಿಸಿಕೊಳ್ಳುತ್ತಿದ್ದಾಗ, ತಕ್ಕಡಿಯಮ್ಮ ಸೀಸೆಯನ್ನೇ ನೋಡುತ್ತ ಕುಳಿತಿದ್ದರು. ಆಮೇಲೆ ಫ್ರಿಜ್ಜಿನಿಂದ, ಸಿಡಿಲಿಗೂ ವಾರಕ್ಕೊಮ್ಮೆ ಹೋಗುವಂಥ ಕೋಳಿಯ ಕತ್ತೊಂದನ್ನು ತೆಗೆದು, ಎಲುಬು ಬಿಡಿಸಿ ಬಾಗಿಸಿದರು. ಹಸಿ ಎಲುಬು ಮೆತ್ತಗೆ ಬಾಗಿತು, ಜಜ್ಜಿದರೆ ಹಿಟ್ಟಾಯಿತು. ಸೀಸೆಯ ಚೂರನ್ನು ಬೆರಳಲ್ಲಿ ಒತ್ತಿದರು. ಚಟ್ಟೆಂದು ಮುರಿದು ಮತ್ತೊಂದು ಸೂಜಿಯಾಯಿತು. ಇದು ಬೆಂದ ಎಲುಬು. ಬೇಯಿಸಿದ ಎಲುಬು ನಾಯಿಯ ಹೊಟ್ಟೆಯಲ್ಲಿ ಗಾಜಿನಂತೆ ಎಂಬುದು ಈ ಕಸುಬಿನವರಿಗೆ ಮೊದಲ ಪಾಠ.

ತಪ್ಪು ತನ್ನದಲ್ಲ ಎಂದು ಒಂದು ಕ್ಷಣ ಮನಸ್ಸು ಹಗುರವಾಯಿತಂತೆ. ಅತ್ತ ನಾಯಿ ನರಳುತ್ತಿರುವಾಗ ತನಗೆ ಹಗುರವಾಯಿತಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತಂತೆ. ಚಪ್ಪಲಿ ಮೆಟ್ಟಿ ಆಕೆ ನೇರ ಆ ಮನೆಗೆ ಹೋದರು.

ಗಡಿಯಾರದವರು ನಾಯಿಯ ಜೊತೆ ಆಸ್ಪತ್ರೆಯಲ್ಲಿದ್ದರು. ಮನೆಯಲ್ಲಿ ಅವರ ಎಂಬತ್ತು ದಾಟಿದ ತಾಯಿಯೊಬ್ಬರೇ. ಅಡುಗೆಮನೆಯ ಕಿಟಕಿಯಲ್ಲಿ, ಉಳಿದ ಪಾತ್ರೆಗಳಿಂದ ದೂರ, ಸಣ್ಣ ಪಾತ್ರೆಯೊಂದು ಬೋರಲು ಬಿದ್ದಿತ್ತು.

"ಇದು ಯಾರ ಪಾತ್ರೆ ಅಮ್ಮಾ?"

ಅಜ್ಜಿ ಎದ್ದು ಆ ಪಾತ್ರೆಯನ್ನು ಕೈಗೆತ್ತಿಕೊಂಡರು. "ಸಿಡಿಲುದು."

ಮೂರು ತಿಂಗಳ ಹಿಂದೆ ಮಗನ ಅಂಗಡಿ ದೂರಕ್ಕೆ ಹೋಗಿತ್ತು. ಕತ್ತಲಿರುವಾಗಲೇ ಅವರು ಹೊರಡಬೇಕು, ನಾಯಿಯನ್ನು ನೋಡಿಕೊಳ್ಳುವ ಕೆಲಸ ಅಜ್ಜಿಗೆ ಬಂದಿತ್ತು. ಅಂದಿನಿಂದ ಆ ಮನೆಯಿಂದ ಬೆಳಗಿನ ಚಿತ್ರವೂ ಬಂದಿರಲಿಲ್ಲ. ಎಂದೂ ತೊಂದರೆ ಕೊಡದ ನಾಯಿ ಎಂದು ತಕ್ಕಡಿಯಮ್ಮನೂ ಕೇಳಿರಲಿಲ್ಲ.

"ಫ್ರಿಜ್ಜಿಂದ ತೆಗೆದ್ರೆ ಮಂಜುಗಡ್ಡೆ ಥರ ಇರುತ್ತೆ ಕಣಮ್ಮ," ಎಂದರು ಅಜ್ಜಿ. "ತಣ್ಣೀರು ಕುಡಿದ್ರೇ ನನಗೆ ಹಲ್ಲು ಜುಂ ಅನ್ನುತ್ತೆ. ಅವನಿಗೂ ವಯಸ್ಸಾಯ್ತಲ್ಲ. ಮೊದ್ಲು ಸುಮ್ನೆ ಬೆಚ್ಚಗೆ ಮಾಡ್ತಿದ್ದೆ. ಆಮೇಲೆ, ಒಲೆ ಹಚ್ಚಿದ ಮೇಲೆ ಬೇಯಿಸೇ ಬಿಡೋಣ ಅನ್ನಿಸ್ತು. ಹಸೀದು ಹಾಕೋಕೆ ಅವನೇನು ಕಾಡುಪ್ರಾಣಿನಾ? ನಮ್ಮನೆ ಹುಡುಗ." ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡರು. "ನಾನೇ ಅವನನ್ನ ಕೊಂದುಬಿಟ್ನಾ?"

ತಕ್ಕಡಿಯಮ್ಮ ಅಲ್ಲೇ ನೆಲದ ಮೇಲೆ ಕುಳಿತು ಅಜ್ಜಿಯ ಕೈ ಹಿಡಿದುಕೊಂಡರು. "ಅವನಿನ್ನೂ ಇದಾನಮ್ಮ. ತಪ್ಪು ನಂದೂ ಇದೆ. ಎರಡು ವರ್ಷ ಡಬ್ಬಿ ಮೇಲೆ ಗ್ರಾಮು ಬರೆದೆ, ಲಿವರ್ ಎಷ್ಟು ಬರೆದೆ. ಬಟ್ಟಲು ಇಡೋರು ಯಾರು ಅಂತ ಒಂದಿನ ಕೇಳಲಿಲ್ಲ."

ಈಗ ಹೊಸಬರು ಯಾರೇ ಬರಲಿ, ಆಕೆಯ ಮೊದಲ ಪ್ರಶ್ನೆ ಅದೇ. ದುಡ್ಡು ಕೊಡುವವರಲ್ಲ, ಬಟ್ಟಲು ಇಡುವವರು ಬಂದು ಮಾತಾಡಬೇಕು.

ಮಗನಿಗೆ ವಿಷಯ ತಿಳಿಸಿದ್ದು ಅಜ್ಜಿಯೇ, ಅಂದು ಸಂಜೆ. ತಾನು ಹೇಳಲೇ ಎಂದು ತಕ್ಕಡಿಯಮ್ಮ ಕೇಳಿದ್ದಕ್ಕೆ ಬೇಡವೆಂದಿದ್ದರು. "ನಾನೇ ಕಣೋ ಬೇಯಿಸಿದ್ದು," ಎಂದು ಅಜ್ಜಿ ಅತ್ತಾಗ ಮಗನೂ ಅತ್ತುಬಿಟ್ಟರಂತೆ. ಕೊನೆಗೆ, "ಉಪ್ಪೂ ಹಾಕಿದ್ಯಾ?" ಎಂದರಂತೆ. "ಒಂದು ಚಿಟಿಕೆ. ಸಪ್ಪೆ ಹೆಂಗೋ ತಿಂತಾನೆ?" ಎಂದರಂತೆ ಅಜ್ಜಿ. ಅಳುತ್ತಿದ್ದ ತಾಯಿ ಮಗ ಇಬ್ಬರಿಗೂ ಅಲ್ಲೇ ನಗು ಬಂತಂತೆ. ಆಮೇಲೆ ಮಗ ತಕ್ಕಡಿಯಮ್ಮನಿಗೆ ಫೋನ್ ಮಾಡಿದರು. ಕ್ಷಮಿಸಿ ಎನ್ನಲು ನಾಲಿಗೆ ಹೊರಳದೆ, "ನಾಳೆ ಡಾಕ್ಟ್ರ ಹತ್ರ ನೀವೂ ಬರ್ತೀರಾ?" ಎಂದರು.

ನಡೆದದ್ದನ್ನು ತಿಳಿಸಿ, ಡಬ್ಬಿ ತೆಗೆಯಬಹುದೆಂದು ನಾದಿನಿ ಮತ್ತೆ ಎಲ್ಲರಿಗೂ ಫೋನ್ ಮಾಡಿದರು. ಉಳಿದ ನಲವತ್ತು ಮನೆಯವರಲ್ಲಿ ಮೂವತ್ತೆಂಟು ಮಂದಿ ಮರುದಿನವೇ ಡಬ್ಬಿ ಕೇಳಿದರು. ಇನ್ನಿಬ್ಬರು ವಾರ ಕಳೆದು, ಮುಖ ಸಣ್ಣದು ಮಾಡಿಕೊಂಡು ಬಂದರು.

ವೈದ್ಯರೂ ತಕ್ಕಡಿಯಮ್ಮನೂ ಕುಳಿತು ಸಿಡಿಲಿಗೆ ಹೊಸ ಡಬ್ಬಿಯೊಂದನ್ನು ಲೆಕ್ಕ ಹಾಕಿದರು. ಒಂದು ಚೂರೂ ಎಲುಬಿಲ್ಲದ ಮಾಂಸ, ಎಲುಬಿನ ಬದಲು ನುಣ್ಣಗೆ ಅರೆದ ಮೊಟ್ಟೆ ಸಿಪ್ಪೆಯ ಪುಡಿ, ಹದವಾಗಿ ಲಿವರ್. ಸ್ವಲ್ಪ ನೀರಲ್ಲಿ ಬೇಯಿಸಬಹುದು, ಆ ನೀರನ್ನು ಚೆಲ್ಲದೆ ಬಟ್ಟಲಿಗೇ ಹಾಕಬೇಕು. ಉಪ್ಪು ಮಾತ್ರ ಖಂಡಿತ ಇಲ್ಲ.

"ಏನತ್ತಿಗೆ, ಹಸಿ ಮಾಂಸದ ಹಟ ಬಿಟ್ರಾ?" ನಾದಿನಿ ಕಿಚಾಯಿಸಿದರು.

"ಅದು ನನ್ನ ಕಸುಬು ಕಣೇ, ಹಟ ಅಲ್ಲ. ಆ ಅಮ್ಮನ ಕೈ ಬೇಯಿಸದೆ ಇರಲ್ಲ. ಬೇಯಿಸಿದ್ರೂ ಚುಚ್ಚದ್ದನ್ನ ನಾವು ಕೊಟ್ರಾಯ್ತು."

ನಾಲ್ಕನೆಯ ದಿನ ವೈದ್ಯರು ಸಿಡಿಲನ್ನು ಮನೆಗೆ ಕಳಿಸಿದರು. ಇಂದು ತಿಂದು ಅರಗಿಸಿಕೊಂಡರೆ ಉಳಿದಂತೆ ಎಂದಿದ್ದರು. ಅಜ್ಜಿ ಹೇಳಿಕಳಿಸಿದ್ದರಿಂದ ತಕ್ಕಡಿಯಮ್ಮ ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತರು. ಬಟ್ಟಲು ಇಟ್ಟರೆ ನಾಯಿ ಮೂಸಿ ಮುಖ ತಿರುಗಿಸಿತು. ಮಗ ಗೋಡೆ ನೋಡುತ್ತ ನಿಂತರು. ಅಜ್ಜಿ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ನೆಲಕ್ಕೆ ಕುಳಿತು, ಬೇಯಿಸಿದ ನೀರಿಗೆ ಬೆರಳದ್ದಿ ಅದರ ಮೂತಿಗೆ ಹಿಡಿದರು. ಅದು ಬೆರಳು ನೆಕ್ಕಿತು. ಇನ್ನೊಮ್ಮೆ ನೆಕ್ಕಿತು. ಆಮೇಲೆ ಬಟ್ಟಲಿಗೆ ಬಾಯಿ ಹಾಕಿತು. ನಾಲಿಗೆಯ ಲೊಚಲೊಚ ಸದ್ದು, ಖಾಲಿಯಾದ ಬಟ್ಟಲು ನೆಲದ ಮೇಲೆ ಜಾರಿ ಗೋಡೆಗೆ ಬಡಿದ ಸದ್ದು.

"ನಿಧಾನ ಕಣೋ, ಯಾರೂ ಕಿತ್ಕೊಳ್ಳಲ್ಲ," ಎಂದು ಅಜ್ಜಿ ಗದರಿದರು.

ಅದನ್ನು ಹೇಳುವಾಗ ತಕ್ಕಡಿಯಮ್ಮನ ದನಿ ಇಂದಿಗೂ ತಗ್ಗುತ್ತದೆ. "ಆಸ್ಪತ್ರೆಲಿ ತಳ್ಳುಗಾಡಿ ಬಾಗಿಲು ದಾಟಿದ್ರೆ ನನ್ನ ಕೆಲಸ ಮುಗೀತಿತ್ತು. ಇಲ್ಲಿ ಡಬ್ಬಿ ಬಾಗಿಲು ದಾಟಿದ್ರೆ ಮುಗೀತಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ, ನಾನು ತೂಗಿದ್ದನ್ನ ಒಂದು ಜೀವ ತಿನ್ನೋದನ್ನ ಕೂತು ನೋಡಿದ್ದು ಅವತ್ತೇ ಮೊದಲು."

ಮುಂದೇನು ಆಸೆ ಎಂದರೆ, ಆಕೆ ಡಬ್ಬಿಗಳ ಸಾಲಿನತ್ತ ತಿರುಗಿ ನಗುತ್ತಾರೆ.

"ಇನ್ನು ನಲವತ್ತು ನಾಯಿ ಬಾಕಿ ಇದಾವೆ. ವಾರಕ್ಕೊಂದು ಮನೆಗೆ ಹೋಗಿ ಕೂತ್ಕೊಂಡ್ರೂ ವರ್ಷದೊಳಗೆ ಎಲ್ಲರೂ ತಿನ್ನೋದನ್ನ ನೋಡಿಬಿಡ್ತೀನಿ."